ಮಣಿಕಟ್ಟು, ಅಂಗೈ, ಬೆರಳಿನ ಗಂಟುಗಳು: ಗುರುತಿಸುವುದು ಹೇಗೆ, ಯಾವುದನ್ನು ಬಿಡಬೇಕು, ಯಾವುದನ್ನು ತೆಗೆಸಬೇಕು

ಮಣಿಕಟ್ಟಿನ ಹಿಂಬದಿಯಲ್ಲಿ ಹುಣಸೆ ಬೀಜದಷ್ಟು ಉಬ್ಬು. ಕೈ ಕೆಳಗೆ ಬಗ್ಗಿಸಿದರೆ ಎದ್ದು ಕಾಣುತ್ತದೆ, ಮೇಲೆತ್ತಿದರೆ ಅಡಗುತ್ತದೆ. ಮನೆಯಲ್ಲಿ ತೋರಿಸಿದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಬರುತ್ತದೆ: ‘ನರ ಗಂಟಾಗೇತಿ, ಎಣ್ಣಿ ಹಚ್ಚಿ ತಿಕ್ಕು, ಕರಗತೈತಿ’ ಅಥವಾ ‘ಎದಕ್ಕೂ ನವನಗರಕ್ಕ ತೋರಿಸಿಬಿಡ್ರಿ’. ಹುಬ್ಬಳ್ಳಿ ಸುತ್ತ ನವನಗರ ಎಂದರೆ ಕ್ಯಾನ್ಸರ್ ಆಸ್ಪತ್ರೆ ಎಂದೇ ಅರ್ಥ. ಹೆಚ್ಚಿನವರ ವಿಷಯದಲ್ಲಿ ಎರಡೂ ತಪ್ಪು. ಅದು ನರವಲ್ಲ, ತಿಕ್ಕಿದರೆ ಕರಗುವುದಿಲ್ಲ. ಕೈಯಲ್ಲಿ ಏಳುವ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರೂ ಅಲ್ಲ.

ಕೈಯ ಗಂಟಿನ ವಿಷಯದಲ್ಲಿ ಒಂದು ಅನುಕೂಲವಿದೆ. ಅದು ನೋಡಲು ಹೇಗಿದೆ ಎನ್ನುವುದಕ್ಕಿಂತ ಎಲ್ಲಿ ಕುಳಿತಿದೆ ಎನ್ನುವುದೇ ಅರ್ಧ ಉತ್ತರ ಹೇಳುತ್ತದೆ. ಆದ್ದರಿಂದ ಮೊದಲ ಕೆಲಸ ಮುಲಾಮು ಹುಡುಕುವುದಲ್ಲ, ಗಂಟನ್ನು ಸರಿಯಾಗಿ ನೋಡುವುದು.

ಮನೆಯಲ್ಲೇ ನೋಡುವ ಕ್ರಮ

ಬೇಕಾಗುವುದು ಹತ್ತು ನಿಮಿಷ, ಒಂದು ಅಳತೆಪಟ್ಟಿ, ಮೊಬೈಲ್, ಒಂದು ಕಪ್ಪು ಕಾಗದ. ಬಳೆ, ಉಂಗುರ, ವಾಚು ತೆಗೆದಿಟ್ಟು ಎರಡೂ ಕೈಗಳನ್ನು ಜೋಡಿಸಿ ನೋಡಿ. ಎರಡೂ ಕೈಯಲ್ಲಿ ಒಂದೇ ಜಾಗದಲ್ಲಿ ಒಂದೇ ಥರ ಉಬ್ಬಿದ್ದರೆ ಅದು ಅನೇಕ ಸಲ ಎಲುಬಿನ ಸಹಜ ಏಣು. ಕಿರುಬೆರಳಿನ ಕಡೆ ಮಣಿಕಟ್ಟಿನ ಮೇಲಿರುವ ಎಲುಬಿನ ಉಬ್ಬನ್ನು ಗಂಟೆಂದು ತಿಳಿದು ಗಾಬರಿಯಾಗುವವರು ಕಡಿಮೆಯೇನಿಲ್ಲ.

ಮೊದಲು ಜಾಗ ಬರೆದುಕೊಳ್ಳಿ: ಹಿಂಬದಿಯೋ ಅಂಗೈ ಬದಿಯೋ, ಯಾವ ಬೆರಳಿನ ನೇರಕ್ಕೆ, ಮಣಿಕಟ್ಟಿನ ಗೆರೆಯಿಂದ ಎಷ್ಟು ಸೆಂಟಿಮೀಟರ್ ದೂರ. ಆಮೇಲೆ ಉದ್ದ, ಅಗಲ ಅಳೆಯಿರಿ. ಪಕ್ಕದಲ್ಲಿ 10 ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ. ಆ ನಾಣ್ಯದ ಅಗಲ 27 ಮಿ.ಮೀ. ಇರುವುದರಿಂದ ಮುಂದಿನ ತಿಂಗಳ ಫೋಟೊಗೆ ಹೋಲಿಸುವುದು ಸುಲಭ. ‘ಮೊದಲಿಗಿಂತ ದೊಡ್ಡದಾಗಿದೆ ಅನಿಸುತ್ತದೆ’ ಎನ್ನುವ ಮಾತಿನಿಂದ ವೈದ್ಯರಿಗೆ ಹೆಚ್ಚೇನೂ ತಿಳಿಯುವುದಿಲ್ಲ, ಎರಡು ಫೋಟೊಗಳಿಂದ ಬಹಳ ತಿಳಿಯುತ್ತದೆ.

ಮುಂದಿನದು ಮುಟ್ಟಿ ನೋಡುವುದು. ಚರ್ಮವನ್ನು ಚಿವುಟಿ ಎತ್ತಿದಾಗ ಗಂಟೂ ಜೊತೆಗೆ ಬಂದರೆ ಅದು ಚರ್ಮದ್ದು. ಚರ್ಮ ಮೇಲೆ ಜಾರಿ ಗಂಟು ಕೆಳಗೇ ಉಳಿದರೆ ಆಳದ್ದು. ಇನ್ನು ಬೆರಳುಗಳನ್ನು ಮಡಚಿ ಬಿಡಿಸಿ: ಗಂಟು ಬೆರಳಿನ ಜೊತೆ ಹಿಂದೆ ಮುಂದೆ ಓಡಾಡಿದರೆ ಅದು ಸ್ನಾಯುರಜ್ಜುವಿಗೆ (ಸ್ನಾಯುವನ್ನು ಎಲುಬಿಗೆ ಕಟ್ಟುವ ಹಗ್ಗದಂಥ ಎಳೆಗೆ) ಅಂಟಿದೆ, ಕದಲದಿದ್ದರೆ ರಜ್ಜುವಿನ ಹೊದಿಕೆಗೋ ಕೀಲಿಗೋ ಎಲುಬಿಗೋ ಅಂಟಿದೆ.

ನಂತರ ಬೆಳಕಿನ ಪರೀಕ್ಷೆ. ಕೋಣೆ ಕತ್ತಲಾಗಿರಲಿ. ಮೊಬೈಲ್ ಟಾರ್ಚನ್ನು ಗಂಟಿನ ಪಕ್ಕಕ್ಕೆ, ಚರ್ಮಕ್ಕೆ ತಾಗುವಂತೆ ಹಿಡಿಯಿರಿ. ಕಪ್ಪು ಕಾಗದವನ್ನು ಕೊಳವೆಯಂತೆ ಸುತ್ತಿ, ಒಂದು ತುದಿ ಗಂಟಿನ ಮೇಲಿಟ್ಟು ಇನ್ನೊಂದರಿಂದ ನೋಡಿ. ಒಳಗೆ ದ್ರವವಿದ್ದರೆ ಗಂಟು ಮಾಗಿದ ದ್ರಾಕ್ಷಿಯ ಹಾಗೆ ಕೆಂಪಗೆ ಬೆಳಗುತ್ತದೆ, ಗಟ್ಟಿ ಗಡ್ಡೆ ಕಪ್ಪಗೇ ಉಳಿಯುತ್ತದೆ. ಇದನ್ನೇ ಪೂರ್ತಿ ನಂಬಬೇಡಿ. ಗಂಟು ಬಹಳ ಸಣ್ಣದಿದ್ದರೆ, ಅಂಗೈ ಚರ್ಮ ಕೆಲಸ ಮಾಡಿ ದಪ್ಪಗಟ್ಟಿದ್ದರೆ ದ್ರವವಿದ್ದರೂ ಬೆಳಗದು. ತದ್ವಿರುದ್ಧವಾಗಿ, ಮೃದುವಾದ ಕೊಬ್ಬಿನ ಗಡ್ಡೆ ಒಮ್ಮೊಮ್ಮೆ ಸ್ವಲ್ಪ ಬೆಳಗುವುದೂ ಉಂಟು.

ಗಂಟಿನ ಮೇಲೆ ಎರಡು ಬೆರಳು ಹಗುರವಾಗಿಟ್ಟು ಬಡಿತ ಸಿಗುತ್ತದೆಯೇ ನೋಡಿ. ಕೊನೆಗೆ, ಕಣ್ಣು ಮುಚ್ಚಿಕೊಂಡು ಎಲ್ಲ ಬೆರಳ ತುದಿಗಳನ್ನೂ ಹತ್ತಿಯಿಂದ ಮುಟ್ಟಿಸಿಕೊಳ್ಳಿ. ಎಲ್ಲಿಯಾದರೂ ಜೋಮು, ಮರಗಟ್ಟಿದಂತೆ ಅನಿಸುವುದು ಇದ್ದರೆ ಅದನ್ನೂ ಬರೆಯಿರಿ.

ಜಾಗ ನೋಡಿ ಗಂಟು ಗುರುತಿಸುವುದು

*ಮಣಿಕಟ್ಟಿನ ಹಿಂಬದಿ, ನಡುವೆ.* ಇದು ಬಹುತೇಕ ಗ್ಯಾಂಗ್ಲಿಯಾನ್, ಅಂದರೆ ಲೋಳೆ ತುಂಬಿದ ಚೀಲ. ಕೈಯ ಗಂಟುಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ. ಹೆಚ್ಚಾಗಿ 20ರಿಂದ 40 ವಯಸ್ಸಿನವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಇದೇ ಸಾಲಿನಲ್ಲಿ ಸ್ವಲ್ಪ ಮುಂದೆ, ತೋರುಬೆರಳು ಮತ್ತು ನಡುಬೆರಳಿನ ಎಲುಬುಗಳ ಬುಡದಲ್ಲಿ, ಕಲ್ಲಿನಂತೆ ಗಟ್ಟಿಯಾಗಿ ಕದಲದೆ ಇರುವುದು ಎಲುಬಿನ ಉಬ್ಬು. ಅದು ಬೆಳಗುವುದಿಲ್ಲ, ಸೂಜಿ ಹಾಕಿದರೆ ಏನೂ ಬರುವುದಿಲ್ಲ. ಎಕ್ಸ್-ರೇ ತೆಗೆಯದೆ ಸೂಜಿ ಹಾಕುವ ಅವಸರದಲ್ಲಿ ಆಗುವ ಸಾಮಾನ್ಯ ತಪ್ಪು ಇದೇ.

*ಮಣಿಕಟ್ಟಿನ ಅಂಗೈ ಬದಿ, ಹೆಬ್ಬೆರಳಿನ ಕಡೆ.* ನಾಡಿ ಹಿಡಿದು ನೋಡುವ ಜಾಗ. ಇಲ್ಲಿಯೂ ಸಾಮಾನ್ಯವಾಗಿ ಗ್ಯಾಂಗ್ಲಿಯಾನ್ ಇರುತ್ತದೆ, ಆದರೆ ಅದು ರೇಡಿಯಲ್ ರಕ್ತನಾಳಕ್ಕೆ ಒತ್ತಿಕೊಂಡು, ಕೆಲವೊಮ್ಮೆ ಅದನ್ನು ಸುತ್ತಿಕೊಂಡೇ ಬೆಳೆಯುತ್ತದೆ. ಬಡಿತ ಪಕ್ಕದ ನಾಳದ್ದೋ ಗಂಟಿನದ್ದೋ ಎನ್ನುವುದನ್ನು ಅಲ್ಟ್ರಾಸೌಂಡ್ ಮಾಡಿಸದೆ ಹೇಳಬಾರದು.

*ಬೆರಳಿನ ಬುಡ, ಅಂಗೈ ಬದಿ.* ಇದು ರಜ್ಜುವಿನ ಹೊದಿಕೆಯ ಗ್ಯಾಂಗ್ಲಿಯಾನ್. ಜೋಳದ ಕಾಳಿನಿಂದ ಬಟಾಣಿಯಷ್ಟು ದೊಡ್ಡದು, ಎಲುಬೇ ಇರಬೇಕು ಎನಿಸುವಷ್ಟು ಗಟ್ಟಿ. ಕುಡುಗೋಲು, ಬೈಕಿನ ಹ್ಯಾಂಡಲ್, ತುಂಬಿದ ಕೊಡದ ಕಂಠ ಹಿಡಿದಾಗ ಚುಚ್ಚುತ್ತದೆ. ಬೆರಳು ಮಡಚಿದಾಗ ಇದು ಕದಲುವುದಿಲ್ಲ. ಕದಲಿದರೆ, ಜೊತೆಗೆ ಬೆಳಿಗ್ಗೆ ಬೆರಳು ಸಿಕ್ಕಿಕೊಂಡು ‘ಟಕ್’ ಎಂದು ಬಿಡಿಸಿಕೊಂಡರೆ, ಅದು ಗಂಟಿಗಿಂತ ಹೆಚ್ಚಾಗಿ ಟ್ರಿಗರ್ ಫಿಂಗರ್. ಅದರ ಚಿಕಿತ್ಸೆಯೇ ಬೇರೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು, ಹಾಗಾಗಿ ಬೆರಳು ಸಿಕ್ಕಿಕೊಳ್ಳುವವರು ಒಮ್ಮೆ ರಕ್ತದ ಸಕ್ಕರೆಯನ್ನೂ ನೋಡಿಸುವುದು ಒಳ್ಳೆಯದು.

*ಉಗುರಿನ ಹಿಂದೆ, ಕೊನೆಯ ಗೆಣ್ಣಿನ ಮೇಲೆ.* ಐವತ್ತು ದಾಟಿದವರಲ್ಲಿ, ಕೀಲು ಸವೆದ ಬೆರಳಲ್ಲಿ ಹೊಳೆಯುವ ಸಣ್ಣ ಗುಳ್ಳೆ ಏಳುತ್ತದೆ. ಅದು ಉಗುರು ಬೆಳೆಯುವ ಜಾಗವನ್ನು ಒತ್ತುವುದರಿಂದ ಉಗುರಿನಲ್ಲಿ ಉದ್ದಕ್ಕೆ ಒಂದು ಕಾಲುವೆ ಬೀಳುತ್ತದೆ. ಮನೆಯ ಸೂಜಿಯಿಂದ ಒಡೆಯುವ ಆಸೆ ಹುಟ್ಟಿಸುವ ಗಂಟು ಇದು. ಒಡೆಯಲೇಬಾರದು: ಗುಳ್ಳೆಯ ಬಾಲ ನೇರ ಕೀಲಿನೊಳಗೆ ಹೋಗಿರುತ್ತದೆ, ಸೂಜಿಯ ಕೊಳೆ ಕೀಲಿಗಿಳಿದು ಕೀವಾದರೆ ಬೆರಳೇ ಸೆಟೆದು ನಿಲ್ಲಬಹುದು. ತಾನಾಗಿ ಒಡೆದರೆ ಸಾಬೂನು ನೀರಿನಿಂದ ತೊಳೆದು, ಶುದ್ಧ ಬಟ್ಟೆ ಕಟ್ಟಿ. ಕೆಂಪಾಗಿ ನೋವು ಏರಿದರೆ ಅದೇ ದಿನ ತೋರಿಸಿ.

*ಬೆರಳಿನ ಅಂಗೈ ಬದಿ ಅಥವಾ ಪಕ್ಕ, ನಿಧಾನಕ್ಕೆ ಬೆಳೆಯುವ ಗಟ್ಟಿ ಗಡ್ಡೆ.* ನೋವಿಲ್ಲ, ಉಬ್ಬು-ತಗ್ಗಾಗಿದೆ, ಬೆಳಗುವುದಿಲ್ಲ. 30–50 ವಯಸ್ಸಿನವರಲ್ಲಿ ಇದು ರಜ್ಜುವಿನ ಹೊದಿಕೆಯ ಜೈಂಟ್ ಸೆಲ್ ಗಡ್ಡೆ ಇರಬಹುದು. ಕೈಯಲ್ಲಿ ಗ್ಯಾಂಗ್ಲಿಯಾನ್ ಬಿಟ್ಟರೆ ಹೆಚ್ಚು ಕಾಣುವ ಗಡ್ಡೆ ಇದೇ. ಕ್ಯಾನ್ಸರಲ್ಲ, ಆದರೆ ತಾನಾಗಿ ಹೋಗುವುದಿಲ್ಲ, ಶಸ್ತ್ರಚಿಕಿತ್ಸೆಯಲ್ಲಿ ಒಂದು ಚೂರು ಉಳಿದರೂ ಮತ್ತೆ ಬರಬಹುದು.

*ಅಂಗೈ, ಬೆರಳ ತುದಿ, ಹಿಂದೆ ಚುಚ್ಚಿದ ಜಾಗ.* ಕಸೂತಿ ಸೂಜಿ, ಜಾಲಿ ಮುಳ್ಳು, ಒಣಗಿದ ಹತ್ತಿಕಾಯಿಯ ಚೂಪು ತುದಿ: ಇವು ಚರ್ಮದ ಮೇಲ್ಪದರದ ಕಣಗಳನ್ನು ಒಳಗೆ ತಳ್ಳುತ್ತವೆ. ಅವು ಅಲ್ಲೇ ಬೆಳೆದು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ಬೆಣ್ಣೆಯಂಥ ಬಿಳಿ ತಿರುಳು ತುಂಬಿದ ಗಂಟಾಗುತ್ತವೆ. ಚುಚ್ಚಿದ್ದು ನೆನಪೇ ಇರುವುದಿಲ್ಲ. ಮುಳ್ಳು ಒಳಗೇ ಮುರಿದುಕೊಂಡಿದ್ದರೂ ಸುತ್ತ ಗಂಟು ಕಟ್ಟುತ್ತದೆ. ಕಟ್ಟಿಗೆ, ಮುಳ್ಳು ಎಕ್ಸ್-ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಅಲ್ಟ್ರಾಸೌಂಡಿನಲ್ಲಿ ಕಾಣುತ್ತವೆ. ಹತ್ತಿ ಬಿಡಿಸುವವರು, ಬೇಲಿ ಕೆಲಸ ಮಾಡುವವರು ಇದನ್ನು ತಾವಾಗಿ ವೈದ್ಯರಿಗೆ ಹೇಳಬೇಕು.

ಉಳಿದವನ್ನು ಚುಟುಕಾಗಿ ಹೇಳಬಹುದು. ಮೆತ್ತಗೆ, ಬೆರಳಡಿ ಜಾರುವುದು ಕೊಬ್ಬಿನ ಗಡ್ಡೆ, ಅಂದರೆ ಚರಬಿ ಗಂಟು. ಕೊನೆಯ ಗೆಣ್ಣುಗಳ ಎರಡೂ ಪಕ್ಕ ಗಟ್ಟಿ ಉಬ್ಬಿದ್ದರೆ ಕೀಲು ಸವೆತ. ಉಂಗುರ ಬೆರಳಿನ ನೇರಕ್ಕೆ ಅಂಗೈಯಲ್ಲಿ ಗಂಟಿನ ಜೊತೆ ಹಗ್ಗದಂಥ ಎಳೆ ಸಿಕ್ಕರೆ, ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಲಾಗದಿದ್ದರೆ ಡುಪ್ಯುಟ್ರೆನ್ ಎಂಬ ಅಂಗೈ ಪದರದ ಬಿಗಿತ. ಉಗುರಿನಡಿ ನೀಲಿ ಚುಕ್ಕೆ, ತಣ್ಣೀರಿಗೆ ಕೈ ಅದ್ದಿದರೆ ಜೀವ ಹೋಗುವ ನೋವು, ಪೆನ್ಸಿಲ್ ತುದಿಯಿಂದ ಒತ್ತಿದರೆ ಒಂದೇ ಬಿಂದುವಿನಲ್ಲಿ ಚೀರುವಷ್ಟು ನೋವು: ಇದು ಗ್ಲೋಮಸ್ ಗಡ್ಡೆ. ಎಷ್ಟೋ ಜನ ಇದನ್ನು ವರ್ಷಗಟ್ಟಲೆ ಉಗುರುಸುತ್ತು ಎಂದುಕೊಂಡು ನರಳುತ್ತಾರೆ.

ನಮ್ಮ ಕಡೆ ಮರೆಯಬಾರದ ಇನ್ನೊಂದಿದೆ. ಅಂಗೈಯಲ್ಲಿ ಒಂದು ಉಬ್ಬು, ಮಣಿಕಟ್ಟಿನ ಗೆರೆ ದಾಟಿ ಮೇಲೆ ಇನ್ನೊಂದು; ಒಂದನ್ನು ಒತ್ತಿದರೆ ಇನ್ನೊಂದು ಏಳುತ್ತದೆ. ಹೆಬ್ಬೆರಳು, ತೋರುಬೆರಳು ಜೋಮು ಹಿಡಿಯುತ್ತವೆ. ಇದು ಸಾದಾ ಗ್ಯಾಂಗ್ಲಿಯಾನ್ ಅಲ್ಲ, ರಜ್ಜುಗಳ ಹೊದಿಕೆಗೆ ತಗುಲಿದ ಕ್ಷಯ ಇರಬಹುದು. ಒಳಗೆ ಅಕ್ಕಿ ಕಾಳಿನಂಥ ಬಿಳಿ ಕಣಗಳು ತೇಲುತ್ತಿರುತ್ತವೆ. ಕೆಮ್ಮು, ಜ್ವರ ಇಲ್ಲದೆಯೂ ಕೈಗೆ ಕ್ಷಯ ಬರಬಹುದು. ಇದಕ್ಕೆ ಬೇಕಾದದ್ದು ತಿಂಗಳುಗಟ್ಟಲೆ ಮಾತ್ರೆ, ಅದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಕಾಯದೆ ತೋರಿಸಬೇಕಾದ ಲಕ್ಷಣಗಳು

ಕೆಲವೇ ವಾರಗಳಲ್ಲಿ ಕಣ್ಣಿಗೆ ಕಾಣುವಷ್ಟು ಬೆಳೆಯುವುದು, 5 ಸೆಂ.ಮೀ. ದಾಟುವುದು, ಆಳದಲ್ಲಿ ಅಂಟಿಕೊಂಡು ಕದಲದಿರುವುದು, ರಾತ್ರಿ ನಿದ್ದೆಗೆಡಿಸುವ ನೋವು, ಮೇಲಿನ ಚರ್ಮ ಹುಣ್ಣಾಗುವುದು ಅಥವಾ ರಕ್ತ ಒಸರುವುದು, ಒಮ್ಮೆ ತೆಗೆದದ್ದು ಬೇಗ ಮರಳುವುದು, ಬೆರಳಿನ ಬಲ ಕುಗ್ಗುವುದು. 5 ಸೆಂ.ಮೀ. ಅಳತೆ ಇಡೀ ಮೈಗೆ ಹೇಳುವ ಮಾತು. ಕೈ ಸಣ್ಣ ಅಂಗ, ಇಲ್ಲಿ ಅದಕ್ಕಿಂತ ಚಿಕ್ಕದಾದರೂ ಗಟ್ಟಿಯಾಗಿ ಬೆಳೆಯುತ್ತಿದ್ದರೆ ಕಾಯುವುದು ಬೇಡ. ಕೆಂಪು, ಬಿಸಿ, ಜ್ವರ ಇದ್ದರೆ ಅದು ಕೀವು, ಅಂದೇ ಹೋಗಬೇಕು.

ಗ್ಯಾಂಗ್ಲಿಯಾನ್: ಒಳಗೇನಿದೆ, ಏಕೆ ಮರಳುತ್ತದೆ

ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ. ಅವುಗಳಲ್ಲಿ ಸ್ಕೇಫಾಯ್ಡ್, ಲ್ಯೂನೇಟ್ ಎಂಬ ಎರಡನ್ನು ಕಟ್ಟುವ ಪಟ್ಟಿಯ ಬಳಿಯಿಂದ ಹಿಂಬದಿಯ ಗ್ಯಾಂಗ್ಲಿಯಾನ್ ಸಾಮಾನ್ಯವಾಗಿ ಹೊರಡುತ್ತದೆ. ತೆಳ್ಳಗಿನ ಕಾಂಡ, ಅದರ ತುದಿಗೆ ಚೀಲ, ಚೀಲದಲ್ಲಿ ಲೋಳೆಸರದ ತಿರುಳಿನಂಥ ತಿಳಿಯಾದ ಗಟ್ಟಿ ಲೋಳೆ. ಕಾಂಡ ಒಮ್ಮುಖ ಬಾಗಿಲಿನಂತೆ ಕೆಲಸ ಮಾಡುವುದರಿಂದ ದ್ರವ ಚೀಲಕ್ಕೆ ಹೋಗುವುದು ಸುಲಭ, ಮರಳುವುದು ಕಷ್ಟ. ಅದಕ್ಕೇ ಕೈ ಹೆಚ್ಚು ದುಡಿದ ದಿನ ದೊಡ್ಡದು, ವಿಶ್ರಾಂತಿ ಸಿಕ್ಕಾಗ ಚಿಕ್ಕದು. ಕ್ಯಾನ್ಸರ್ ಗಡ್ಡೆ ಸಾಮಾನ್ಯವಾಗಿ ಹೀಗೆ ಏರಿಳಿಯುವುದಿಲ್ಲ.

ಹೊಲದ ಕರಿಕಿಯನ್ನು ನೆನೆಸಿಕೊಂಡರೆ ಉಳಿದದ್ದು ಅರ್ಥವಾಗುತ್ತದೆ. ಮೇಲೆ ಕೊಯ್ದರೆ ಹೋದಂತೆ ಕಾಣುತ್ತದೆ, ಬೇರು ಉಳಿದರೆ ಚಿಗುರುತ್ತದೆ. ಚೀಲ ಒಡೆಯುವುದು, ಲೋಳೆ ಎಳೆಯುವುದು ಎಲ್ಲ ಮೇಲಿನ ಕೊಯ್ಲು.

ಜೋಳದ ರೊಟ್ಟಿ ಬಡಿಯುವುದರಿಂದ, ಮಗ್ಗದ ಕೆಲಸದಿಂದ, ಮೊಬೈಲಿನಿಂದ ಗಂಟು ಹುಟ್ಟುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಇದ್ದ ಗಂಟು ಈ ಕೆಲಸಗಳಲ್ಲಿ ನೋಯುತ್ತದೆ ಎನ್ನುವುದು ಮಾತ್ರ ನಿಜ, ಏಕೆಂದರೆ ಅಂಗೈ ಊರಿ ಮಣಿಕಟ್ಟನ್ನು ಪೂರ್ತಿ ಹಿಂದಕ್ಕೆ ಮಡಚಿದಾಗ ಗಂಟು ಎಲುಬುಗಳ ನಡುವೆ ಸಿಕ್ಕಿ ಒತ್ತುತ್ತದೆ. ಹಾಗಾಗಿ ಹಿಟ್ಟು ನಾದುವಾಗ ಅಂಗೈ ಬುಡದಿಂದ ಒತ್ತುವ ಬದಲು ಮುಷ್ಟಿ ಮಾಡಿ ಮಣಿಕಟ್ಟು ನೇರವಿಟ್ಟು ನಾದಿ. ನೋವಿದ್ದ ದಿನಗಳಲ್ಲಿ ಬಡಿಯುವ ಬದಲು ಲಟ್ಟಿಸಿ. ನೆಲದಿಂದ ಏಳುವಾಗ ಅಂಗೈ ಊರದೆ ಮುಷ್ಟಿ ಊರಿ. ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸುವವರಿಗೂ ಬೆರಳ ತುದಿಯ ಕೆಲಸ ತಡೆಯುವ ಅಗತ್ಯವಿಲ್ಲ, ಚೀಲ ಎತ್ತುವ ಭಾರವನ್ನು ಮಾತ್ರ ಇನ್ನೊಬ್ಬರಿಗೆ ಬಿಡಬೇಕು.

ಮೊದಲ ಚಿಕಿತ್ಸೆ: ಬಿಟ್ಟು ನೋಡುವುದು

ನೋವಿಲ್ಲದ ಗ್ಯಾಂಗ್ಲಿಯಾನಿಗೆ ನಾವು ಮೊದಲು ಹೇಳುವುದು ಇದನ್ನೇ. ದೊಡ್ಡವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಗಂಟುಗಳು ಕಾಲಾನಂತರ ತಾವಾಗಿ ಅಡಗುತ್ತವೆ. ಮಕ್ಕಳಲ್ಲಿ ಅದಕ್ಕಿಂತಲೂ ಹೆಚ್ಚು, ಆದ್ದರಿಂದ ಮಕ್ಕಳ ಗಂಟಿಗೆ ಕತ್ತಿ ಹಿಡಿಯುವ ಅವಸರ ಬೇಡ. ತೊಂದರೆಯೆಂದರೆ ಇದಕ್ಕೆ ತಿಂಗಳುಗಳಲ್ಲ, ವರ್ಷಗಳೇ ಹಿಡಿಯಬಹುದು, ಮತ್ತು ಔಷಧಿ ಚೀಟಿ ಇಲ್ಲದೆ ಮನೆಗೆ ಹೋದರೆ ‘ಡಾಕ್ಟರ್ ಏನೂ ನೋಡಲೇ ಇಲ್ಲ’ ಎನಿಸುತ್ತದೆ.

ಬಿಡುವುದೆಂದರೆ ಮರೆಯುವುದಲ್ಲ. ತಿಂಗಳಿಗೊಮ್ಮೆ ಅದೇ ನಾಣ್ಯದ ಜೊತೆ ಫೋಟೊ. ನೋವು ಬಂದರೆ ಮಣಿಕಟ್ಟಿನ ಪಟ್ಟಿ ಒಂದೆರಡು ವಾರ, ಭಾರದ ಕೆಲಸದ ಹೊತ್ತಿಗೆ ಮಾತ್ರ. ಹಗಲು ರಾತ್ರಿ ಕಟ್ಟಿಕೊಂಡರೆ ಕೀಲು ಬಿಗಿಯುತ್ತದೆ. ಪಟ್ಟಿ ಹಾಕಿದಾಗ ಬೆರಳು ನೀಲಿಯಾದರೆ, ಜೋಮಾದರೆ ಅದು ಬಿಗಿಯಾಗಿದೆ ಎಂದೇ ಅರ್ಥ.

ಮಾಡಬಾರದ್ದು

ಯುರೋಪಿನಲ್ಲಿ ಹಿಂದೆ ಇದನ್ನು ಬೈಬಲ್ ಗಂಟು ಎನ್ನುತ್ತಿದ್ದರು, ಮನೆಯ ಅತಿ ಭಾರದ ಪುಸ್ತಕದಿಂದ ಹೊಡೆದು ಒಡೆಯುತ್ತಿದ್ದುದರಿಂದ. ಪುಸ್ತಕವಾಗಲಿ, ತಕ್ಕಡಿಯ ತೂಕದ ಕಲ್ಲಾಗಲಿ, ಹೊಡೆದರೆ ಚೀಲ ಒಡೆದು ಲೋಳೆ ಸುತ್ತ ಹರಡಬಹುದು. ಆದರೆ ಕಾಂಡ ಹಾಗೇ ಇರುತ್ತದೆ, ಗಂಟು ಮರಳುತ್ತದೆ, ನಡುವೆ ಎಲುಬು ಬಿರುಕು ಬಿಟ್ಟರೆ ಅದೊಂದು ಹೊಸ ತಾಪತ್ರಯ.

ಬರೆ ಹಾಕಿಸುವುದು, ಕೇರುಬೀಜದ ಎಣ್ಣೆ ಮುಟ್ಟಿಸುವುದು ಚರ್ಮ ಸುಡುತ್ತವೆ, ಗಂಟಿಗೆ ತಾಗುವುದೂ ಇಲ್ಲ. ಸುಣ್ಣ-ಬೆಲ್ಲದ ಪಟ್ಟು ಅಷ್ಟು ಕ್ರೂರವಲ್ಲ, ಆದರೆ ಸುಣ್ಣ ಹೆಚ್ಚಾದರೆ ಅದೂ ಸುಡುತ್ತದೆ. ಗಂಟಿನ ಮೇಲೆ ನಾಣ್ಯ ಇಟ್ಟು ಬಿಗಿಯಾಗಿ ಕಟ್ಟಿ ಮಲಗಿದರೆ ಬೆಳಿಗ್ಗೆ ಚಿಕ್ಕದಾದಂತೆ ಕಾಣುತ್ತದೆ, ಮಧ್ಯಾಹ್ನಕ್ಕೆ ಮೊದಲಿನಂತೆ. ಸುಟ್ಟ ಚರ್ಮದ ಮೇಲೆ ಮುಂದೆ ಶಸ್ತ್ರಚಿಕಿತ್ಸೆ ಬೇಕಾದರೆ ಗಾಯ ಸರಿಯಾಗಿ ಕೂಡದು.

ಆಸ್ಪತ್ರೆಗೆ ಹೋಗುವಾಗ

ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ (ಹಿಂದಿನ ಕಿಮ್ಸ್, ಈಗ ಕೆಎಂಸಿಆರ್‌ಐ), ಧಾರವಾಡ ಮತ್ತು ಹಾವೇರಿಯ ಜಿಲ್ಲಾ ಆಸ್ಪತ್ರೆ, ಗದಗಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ: ಎಲ್ಲಿ ಹೋದರೂ ಎಲುಬು-ಕೀಲು ಅಥವಾ ಸರ್ಜರಿ ವಿಭಾಗದ ಹೊರರೋಗಿ ಚೀಟಿ ಮಾಡಿಸಿ. ಆಧಾರ್, ಬಿಪಿಎಲ್ ಪಡಿತರ ಚೀಟಿ, ಹಳೆಯ ಫೋಟೊಗಳು, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಜೊತೆಗಿರಲಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ನೀವಾಗಿ ನಿಲ್ಲಿಸಬೇಡಿ.

ಗಟ್ಟಿ ಗಂಟಿಗೆ ಎಕ್ಸ್-ರೇ, ಮೆತ್ತನೆಯದಕ್ಕೆ ಅಲ್ಟ್ರಾಸೌಂಡ್. ಎಂಆರ್‌ಐ ಬೇಕಾಗುವುದು ಕೆಲವರಿಗೆ ಮಾತ್ರ: ಗಂಟು ಕಾಣದೆ ಮಣಿಕಟ್ಟು ನೋಯುವವರಿಗೆ, ಆಳದ ಗಟ್ಟಿ ಗಡ್ಡೆ ಇರುವವರಿಗೆ. ಹಿಂಬದಿಯ ಸಾದಾ, ಬೆಳಗುವ ಗ್ಯಾಂಗ್ಲಿಯಾನಿಗೆ ಮೊದಲ ಭೇಟಿಯಲ್ಲೇ ಎಂಆರ್‌ಐ ಬರೆದರೆ ‘ಇದರಿಂದ ಚಿಕಿತ್ಸೆ ಬದಲಾಗುತ್ತದೆಯೇ?’ ಎಂದು ಕೇಳುವ ಹಕ್ಕು ನಿಮಗಿದೆ.

ಸೂಜಿಯಿಂದ ತೆಗೆಯುವುದು

ಚರ್ಮ ಶುದ್ಧಮಾಡಿ, ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, 18 ಅಥವಾ 16 ಗೇಜಿನ ದಪ್ಪ ಸೂಜಿ ಹಾಕುತ್ತಾರೆ. ಸಣ್ಣ ಸೂಜಿಯಲ್ಲಿ ಆ ಲೋಳೆ ಏರುವುದೇ ಇಲ್ಲ. ಲೋಳೆ ಬಂದರೆ ರೋಗನಿರ್ಣಯವೂ ಆದಂತೆ. ಬರದಿದ್ದರೆ ಅಲ್ಲಿಗೆ ನಿಲ್ಲಿಸಿ, ಗಂಟು ಬೇರೆಯೇ ಏನೋ ಎಂದು ಹುಡುಕಬೇಕು, ಮತ್ತೆ ಮತ್ತೆ ಚುಚ್ಚುವುದಲ್ಲ. ನಾಡಿಯ ಪಕ್ಕದ ಗಂಟಿಗೆ ಅಲ್ಟ್ರಾಸೌಂಡ್ ನೋಡದೆ ಸೂಜಿ ಹಾಕಿಸಿಕೊಳ್ಳಬೇಡಿ.

ಅರ್ಧದಷ್ಟು ಜನರಲ್ಲಿ, ಕೆಲವೊಮ್ಮೆ ಅದಕ್ಕೂ ಹೆಚ್ಚಿನವರಲ್ಲಿ ಇದು ಮರಳುತ್ತದೆ. ಬೆರಳ ಬುಡದ ಸಣ್ಣ ಗಂಟಿಗೆ ಮಾತ್ರ ಸೂಜಿ ಒಳ್ಳೆಯ ಉಪಾಯ, ಅಲ್ಲಿ ಯಶಸ್ಸು ಹೆಚ್ಚು. ಜೊತೆಗೆ ಸ್ಟೆರಾಯ್ಡ್ ಹಾಕಿದರೆ ಗ್ಯಾಂಗ್ಲಿಯಾನ್ ಮರಳುವುದು ಕಡಿಮೆಯಾಗುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆಯಿಲ್ಲ. ಚರ್ಮ ಬಿಳಿಚಿ ತೆಳುವಾಗುವ ಸಾಧ್ಯತೆ ಇದೆ, ನಮ್ಮ ಬಣ್ಣದ ಚರ್ಮದಲ್ಲಿ ಅದು ಎದ್ದು ಕಾಣುತ್ತದೆ.

ಶಸ್ತ್ರಚಿಕಿತ್ಸೆ ಮತ್ತು ಅದರ ನಂತರದ ವಾರಗಳು

ನೋವು ಕೆಲಸ ತಡೆಯುತ್ತಿದ್ದರೆ, ನರ ಒತ್ತುತ್ತಿದ್ದರೆ, ರೋಗನಿರ್ಣಯ ಅನುಮಾನವಿದ್ದರೆ ತೆಗೆಸಬೇಕು. ನೋಡಲು ಚೆನ್ನಾಗಿಲ್ಲ ಎನ್ನುವುದೂ ಕಾರಣವೇ, ಆದರೆ ಉಬ್ಬಿನ ಜಾಗದಲ್ಲಿ ಕಲೆ ಬರುತ್ತದೆ ಎಂದು ತಿಳಿದು ಒಪ್ಪಬೇಕು. ಕೈ ಮಾತ್ರ ಮರಗಟ್ಟಿಸಿ, ತೋಳಿಗೆ ಪಟ್ಟಿ ಬಿಗಿದು ರಕ್ತ ತಡೆದು, ಚರ್ಮದ ಗೆರೆಯ ಗುಂಟ ಸಣ್ಣ ಗಾಯ ಮಾಡಿ ಚೀಲ, ಕಾಂಡ, ಕಾಂಡ ಹುಟ್ಟಿದ ಕೀಲಿನ ಪೊರೆಯ ಚೂರು ಮೂರನ್ನೂ ತೆಗೆಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ. ಕಾಂಡದ ಸಮೇತ ತೆಗೆದರೂ ಹತ್ತರಲ್ಲಿ ಒಬ್ಬಿಬ್ಬರಿಗೆ ಮರಳಬಹುದು.

ಬಳೆ, ಉಂಗುರ ಹಿಂದಿನ ದಿನವೇ ತೆಗೆಯಿರಿ. ಹಸಿರು ಬಳೆ ತೆಗೆಯಲು ಮನಸ್ಸಾಗದಿದ್ದರೆ ಇನ್ನೊಂದು ಕೈಯಲ್ಲಿರಲಿ. ಬಾತ ಬೆರಳಿನಲ್ಲಿ ಸಿಕ್ಕ ಉಂಗುರ ರಕ್ತ ತಡೆಯುತ್ತದೆ, ಕೊನೆಗೆ ಕತ್ತರಿಸಬೇಕಾಗುತ್ತದೆ.

ಮೊದಲ ಎರಡು ಮೂರು ದಿನ ಕೈ ಎದೆಯ ಮಟ್ಟಕ್ಕಿಂತ ಮೇಲಿರಲಿ, ಮಲಗಿದಾಗ ದಿಂಬಿನ ಮೇಲೆ. ಬೆರಳುಗಳನ್ನು ಮೊದಲ ದಿನದಿಂದಲೇ ಪೂರ್ತಿ ಮಡಚಿ ಬಿಡಿಸಿ, ಎಚ್ಚರವಿರುವಾಗ ಗಂಟೆಗೆ ಹತ್ತು ಸಲ. ನೋವೆಂದು ಕೈ ಜೋಳಿಗೆಯಲ್ಲಿ ಹಾಕಿ ಕದಲಿಸದವರಿಗೇ ಮಣಿಕಟ್ಟು ಬಿಗಿಯುವುದು ಹೆಚ್ಚು. ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ, ಅಲ್ಲಿಯವರೆಗೆ ಗಾಯ ಒದ್ದೆಯಾಗಬಾರದು. ಬರೆಯುವುದು, ಊಟ ಮೊದಲ ವಾರದಲ್ಲೇ ಆಗುತ್ತದೆ. ನಾದುವುದು, ರೊಟ್ಟಿ ಬಡಿಯುವುದು, ಕೊಡ ಎತ್ತುವುದು, ಕಳೆ ಕೀಳುವುದು 4ರಿಂದ 6 ವಾರದ ನಂತರ. ಮನೆಯವರಿಗೆ ಇದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಹೇಳಿಡಬೇಕು, ಸುಗ್ಗಿ ನಡುವೆ ದಿನಾಂಕ ಹಾಕಿಸಿಕೊಂಡು ಹತ್ತನೇ ದಿನಕ್ಕೆ ಹೊಲಕ್ಕಿಳಿದರೆ ಗಾಯ ಬಿಚ್ಚಿಕೊಳ್ಳುತ್ತದೆ.

ಹೆಬ್ಬೆರಳ ಹಿಂಬದಿಯಲ್ಲಿ ಜೋಮು ಉಳಿದರೆ ಅದು ಚರ್ಮದ ಸಣ್ಣ ನರಕ್ಕೆ ಪೆಟ್ಟಾದ ಗುರುತು. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಮುಟ್ಟಿದರೆ ಕರೆಂಟು ಹೊಡೆದಂತಾದರೆ ಮರಳಿ ತೋರಿಸಿ. ತೆಗೆದ ಗಡ್ಡೆ ಯಾವುದೇ ಇರಲಿ, ಅದನ್ನು ಬಯಾಪ್ಸಿಗೆ (ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ) ಕಳಿಸಿದ್ದಾರೆಯೇ ಎಂದು ಹೊರಡುವ ಮೊದಲೇ ಕೇಳಿ. ಹೊಲಿಗೆ ಬಿಚ್ಚಿಸುವ ದಿನ ಆ ವರದಿಯನ್ನೂ ಕೈಗೆ ತೆಗೆದುಕೊಂಡು, ಗಡ್ಡೆಯ ಹೆಸರನ್ನು ವೈದ್ಯರ ಬಾಯಿಂದ ಕನ್ನಡದಲ್ಲಿ ಕೇಳಿ ತಿಳಿದುಕೊಂಡು, ಮೊದಲ ಫೋಟೊ ಜೊತೆ ಇಟ್ಟುಕೊಳ್ಳಿ.